ಆಟಿಯ ಮಳೆಯಲ್ಲಿ ತ್ರಿವರ್ಣ: ರಾಷ್ಟ್ರಧ್ವಜದ ಬಟ್ಟೆ, ಬಣ್ಣ ಮತ್ತು ಆರೈಕೆ

ಜುಲೈ ತಿಂಗಳು ಮುಗಿಯುತ್ತ ಬಂದಂತೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಶಾಲೆಗಳಲ್ಲೂ ಯುವಕ ಸಂಘಗಳಲ್ಲೂ ಪ್ರತಿ ವರ್ಷ ಒಂದೇ ಪ್ರಶ್ನೆ ಏಳುತ್ತದೆ: ಕಪಾಟಿನಲ್ಲಿರುವ ಹಳೆಯ ಖಾದಿ ಧ್ವಜವನ್ನೇ ಒಗೆದು ಏರಿಸಬಹುದೇ, ಇಲ್ಲವೇ ಪೇಟೆಯಿಂದ ಹೊಸ ಪಾಲಿಯೆಸ್ಟರ್ ಧ್ವಜವನ್ನು ತರಬೇಕೇ? ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರಿಸಲು ಹೊರಟರೆ ಬಟ್ಟೆಯ ಗುಣ, ಬಣ್ಣದ ಗುಣ, ಕಾನೂನು ಮತ್ತು ಇತಿಹಾಸ ನಾಲ್ಕನ್ನೂ ಮುಟ್ಟಬೇಕಾಗುತ್ತದೆ. ಧ್ವಜದ ಬಗ್ಗೆ ನಾವು ಸಾಮಾನ್ಯವಾಗಿ ಗೌರವದ ಭಾಷೆಯಲ್ಲಿ ಮಾತನಾಡುತ್ತೇವೆ, ಬಟ್ಟೆಯ ಭಾಷೆಯಲ್ಲಿ ಅಲ್ಲ. ಆದರೆ ಧ್ವಜಸಂಹಿತೆಯ ಹಲವು ನಿಯಮಗಳು, ಅಷ್ಟೇ ಏಕೆ, ಧ್ವಜದ ವಿನ್ಯಾಸ ಕೂಡ, ಅದು ಗಾಳಿಯಲ್ಲಿ ಎರಡೂ ಬದಿಯಿಂದ ಕಾಣುವ ಒಂದು ಬಟ್ಟೆ ಎಂಬ ಕಾರಣದಿಂದಲೇ ರೂಪುಗೊಂಡಿವೆ.

ಇದು ನನಗೆ ತಿಳಿದದ್ದು ಒಂದು ತಪ್ಪಿನಿಂದ. ಶಾಲೆಯಲ್ಲಿ ಧ್ವಜದ ಹೊಣೆ ನನ್ನ ಮೇಲಿದ್ದ ವರ್ಷಗಳಲ್ಲಿ ಒಮ್ಮೆ, ಬೆಳಗ್ಗಿನ ಗಡಿಬಿಡಿ ತಪ್ಪಲಿ ಎಂದು, ಆಗಸ್ಟ್ 14ರ ಸಂಜೆಯೇ ಖಾದಿ ಧ್ವಜವನ್ನು ಮಡಿಸಿ, ಒಳಗೆ ದಾಸವಾಳದ ಎಸಳು ತುಂಬಿ, ಎಳೆದರೆ ಬಿಚ್ಚುವ ಗಂಟು ಹಾಕಿ ಜಗಲಿಯ ತುದಿಯಲ್ಲಿ ತೂಗುಹಾಕಿದ್ದೆ. ಜೋರು ಮಳೆಯ ಆಟಿ ತಿಂಗಳ (ತುಳುವರ ಲೆಕ್ಕದಲ್ಲಿ ಜುಲೈ–ಆಗಸ್ಟ್) ರಾತ್ರಿ, ಎರಚಲು ಬಡಿಯಿತು. ಮರುದಿನ ಹಗ್ಗ ಎಳೆದಾಗ ಗಂಟು ನೀರು ಕುಡಿದು ಬಿಗಿದುಕೊಂಡಿತ್ತು. ಹೇಗೋ ಬಿಚ್ಚಿಕೊಂಡ ಮೇಲೂ ಧ್ವಜ ಕಂಬಕ್ಕೆ ಒದ್ದೆ ಪಂಚೆಯಂತೆ ಅಂಟಿ ನಿಂತಿತು. ಕೆಳಗಿಳಿಸಿ ನೋಡಿದರೆ ಬಿಳಿಯ ಪಟ್ಟಿಯ ಮೇಲೆ ಎಸಳಿನ ಆಕಾರದಲ್ಲಿಯೇ ನೇರಳೆ ಕಲೆಗಳು. ಬಿಡಿಸುವ ಮುನ್ನ ಧ್ವಜದೊಳಗೆ ಹೂವಿನ ಎಸಳನ್ನು ಇಡಲು ಸಂಹಿತೆಯಲ್ಲಿ ಅನುಮತಿಯಿದೆ, ಆದರೆ ಯಾವ ಹೂವು ಎಂಬುದನ್ನು ಬಟ್ಟೆ ನಿರ್ಧರಿಸುತ್ತದೆ. ಆ ಮೇಲೆ ನಾನು ನಂದಿಬಟ್ಟಲು ಬಿಟ್ಟು ಬೇರೆ ಹೂವು ಬಳಸಿದ್ದಿಲ್ಲ.

ಧ್ವಜ ನಮ್ಮ ಕಡೆಯ ಜನರಿಗೆ ಹೊಸ ವಸ್ತುವಲ್ಲ. ದೇವಸ್ಥಾನದಲ್ಲಿ ‘ಕೊಡಿ ಏರಿತು’ ಎಂದರೆ ಜಾತ್ರೆ ಆರಂಭವಾಯಿತು ಎಂದೇ ಅರ್ಥ. ರಾಜರಿಗೂ ಧ್ವಜಗಳಿದ್ದವು, ಬನವಾಸಿಯ ಕದಂಬರದು ವಾನರಧ್ವಜ. ಆದರೆ ಅವು ದೇವರ, ದೊರೆಯ ಅಥವಾ ಸೈನ್ಯದ ಗುರುತುಗಳಾಗಿದ್ದವೇ ಹೊರತು ಒಂದು ದೇಶದ ಎಲ್ಲ ಜನರ ಗುರುತುಗಳಾಗಿರಲಿಲ್ಲ. ಇಂದಿನ ಅರ್ಥದ ರಾಷ್ಟ್ರಧ್ವಜಗಳು ಬೆಳೆದುಬಂದದ್ದು ಬಹುಮಟ್ಟಿಗೆ ಸಮುದ್ರದಲ್ಲಿ. ದೂರದಿಂದ ಬರುವ ಹಡಗು ಯಾರದೆಂದು ಅದು ಹತ್ತಿರ ಬರುವ ಮೊದಲೇ ತಿಳಿಯಬೇಕಿತ್ತು. ಆದುದರಿಂದ ಬಣ್ಣಗಳು ಕಡಿಮೆ, ಪಟ್ಟಿಗಳು ಅಗಲ, ಆಕಾರ ಸರಳವಾಗಿರಬೇಕಿತ್ತು. ನೆಲದ ಮೇಲೆ ಈ ಸರಳತೆಗೆ ರಾಜಕೀಯ ಅರ್ಥ ಬಂದದ್ದು ಫ್ರಾನ್ಸಿನ ಕ್ರಾಂತಿಯ ನಂತರ, 1794ರಲ್ಲಿ ಅಲ್ಲಿನ ಮೂರು ಬಣ್ಣದ ಧ್ವಜ ಅಧಿಕೃತವಾದಾಗ. ದೊರೆಯ ಲಾಂಛನವಿಲ್ಲದ ಬರಿಯ ಮೂರು ಪಟ್ಟಿಗಳು ಒಂದು ಜನತೆಯನ್ನು ಸೂಚಿಸಬಲ್ಲವು ಎಂಬ ಈ ವಿಚಾರವನ್ನು ಅನಂತರ ಅನೇಕ ದೇಶಗಳು ಎತ್ತಿಕೊಂಡವು.

ಹಡಗಿನ ಧ್ವಜಗಳಿಗೆ ಬಳಸುತ್ತಿದ್ದುದು ಉಣ್ಣೆಯಿಂದ ಸಡಿಲವಾಗಿ ನೇಯ್ದ ‘ಬಂಟಿಂಗ್’ ಎಂಬ ಬಟ್ಟೆ. ಸಡಿಲ ನೇಯ್ಗೆಯ ಎಳೆಗಳ ನಡುವೆ ಗಾಳಿ ಒಂದಿಷ್ಟು ಹಾದುಹೋಗುವುದರಿಂದ ಬಟ್ಟೆ ಬೇಗ ಹರಿಯುವುದಿಲ್ಲ, ನೆನೆದರೂ ಬೇಗ ಆರುತ್ತದೆ. ಈ ಹೆಸರು ನಮ್ಮ ಧ್ವಜಸಂಹಿತೆಯಲ್ಲೂ ಉಳಿದುಕೊಂಡಿದೆ.

ಭಾರತದ ಧ್ವಜದ ಹುಟ್ಟನ್ನು ಶಾಲೆಯ ಪಾಠಗಳಲ್ಲಿ ಓದಿರುತ್ತೇವೆ: 1907ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಭಿಕಾಜಿ ಕಾಮಾ ಹಾರಿಸಿದ ಧ್ವಜ, 1921ರಲ್ಲಿ ಬೆಜವಾಡದ ಕಾಂಗ್ರೆಸ್ ಸಭೆಯ ಹೊತ್ತಿಗೆ ಪಿಂಗಳಿ ವೆಂಕಯ್ಯ ಗಾಂಧೀಜಿಯವರ ಮುಂದಿಟ್ಟ ಮಾದರಿ, 1931ರಲ್ಲಿ ಕಾಂಗ್ರೆಸ್ ಒಪ್ಪಿದ ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವಿನ ಚರಕ. ಬಟ್ಟೆಯ ತುಂಡೊಂದಕ್ಕಾಗಿ ಜನ ಜೈಲಿಗೆ ಹೋದ ಕಾಲವದು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಡಾ. ನಾ. ಸು. ಹರ್ಡೀಕರರ ಹುಬ್ಬಳ್ಳಿಯ ಸ್ವಯಂಸೇವಕರೂ ಸೆರೆಮನೆ ಸೇರಿದ್ದರು. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ನಿಷೇಧವನ್ನು ಮುರಿದು ಧ್ವಜ ಏರಿಸಲಾಯಿತು. ಅದೇ ತಿಂಗಳ 25ರಂದು ಆಂಧ್ರದ ಗಡಿಗೆ ಹತ್ತಿರವಿರುವ ವಿದುರಾಶ್ವತ್ಥದಲ್ಲಿ ಇದೇ ಕಾರಣಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು.

ಇಷ್ಟೆಲ್ಲ ಚರಕದ ಧ್ವಜದ ಅಡಿಯಲ್ಲಿ ನಡೆದಿದ್ದರೂ 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆ ಒಪ್ಪಿಕೊಂಡ ಧ್ವಜದಲ್ಲಿ ಚರಕದ ಬದಲು ಸಾರನಾಥದ ಅಶೋಕ ಸ್ತಂಭದ ಚಕ್ರ ಬಂತು. ಇದಕ್ಕೆ ತಾತ್ವಿಕ ಕಾರಣಗಳನ್ನು ಹುಡುಕುವವರು ಬಹಳ. ಅಂದು ನಿರ್ಣಯ ಮಂಡಿಸಿದ ನೆಹರೂ ಅವರು ಕೊಟ್ಟ ಕಾರಣಗಳಲ್ಲಿ ಒಂದು ಮಾತ್ರ ಯಾವ ದರ್ಜಿಗೂ ಒಪ್ಪಿಗೆಯಾಗುವಂಥದು: ಧ್ವಜದ ಒಂದು ಬದಿಯಲ್ಲಿರುವ ಚಿಹ್ನೆ ಇನ್ನೊಂದು ಬದಿಯಲ್ಲೂ ಹಾಗೆಯೇ ಕಾಣಬೇಕು. ಚರಕದಲ್ಲಿ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಹಿಂಬದಿಯಿಂದ ನೋಡಿದರೆ ಅವು ಅದಲುಬದಲಾಗುತ್ತವೆ. ಚಕ್ರವೊಂದನ್ನೇ ಇಟ್ಟರೆ ಈ ತೊಡಕು ಇಲ್ಲ. ಚಕ್ರವು ಚರಕವನ್ನು ಪ್ರತಿನಿಧಿಸುತ್ತದೆ ಎಂದು ನಿರ್ಣಯದಲ್ಲಿಯೇ ಹೇಳಿದೆ. ಚರಕವನ್ನು ಕೈಬಿಟ್ಟಿದ್ದಲ್ಲ, ಬಟ್ಟೆಗೆ ಹೊಂದುವಂತೆ ಅದನ್ನು ಸರಳಗೊಳಿಸಿದ್ದು. ಸಭೆಯ ಮುಂದೆ ಅಂದು ಎರಡು ಧ್ವಜಗಳನ್ನು ತೋರಿಸಲಾಗಿತ್ತು: ಒಂದು ರೇಷ್ಮೆಯದು, ಇನ್ನೊಂದು ಹತ್ತಿ ಖಾದಿಯದು.

ಸ್ವಾತಂತ್ರ್ಯಾನಂತರ ಭಾರತೀಯ ಮಾನಕ ಸಂಸ್ಥೆ ರೂಪಿಸಿದ ಮಾನದಂಡಗಳ ಸಾಲಿನಲ್ಲಿ ಒಂದನೆಯ ಸಂಖ್ಯೆ, ಅಂದರೆ ‘ಐಎಸ್ 1’, ಮೀಸಲಾಗಿರುವುದು ರಾಷ್ಟ್ರಧ್ವಜಕ್ಕೆ. ಸಿಮೆಂಟು, ಉಕ್ಕು, ತಂತಿ ಎಲ್ಲವೂ ಅದರ ಹಿಂದೆ. ಧ್ವಜದ ಉದ್ದ ಮತ್ತು ಎತ್ತರ 3:2 ಪ್ರಮಾಣದಲ್ಲಿರಬೇಕು. ಅತಿ ದೊಡ್ಡದು 6300×4200 ಮಿ.ಮೀ., ಮೇಜಿನ ಮೇಲಿಡುವ ಅತಿ ಚಿಕ್ಕದು 150×100 ಮಿ.ಮೀ.; ಇವೂ ಸೇರಿ ಒಟ್ಟು ಒಂಬತ್ತು ಅಳತೆಗಳಿವೆ. ಶಾಲೆಯ ಅಂಗಳಕ್ಕೆ ಸಾಮಾನ್ಯವಾಗಿ ಸರಿಹೋಗುವುದು 1800×1200 ಅಥವಾ 1350×900. ಪ್ರತಿ ಅಳತೆಗೂ ಚಕ್ರದ ವ್ಯಾಸ ಎಷ್ಟಿರಬೇಕೆಂದು ಗೊತ್ತುಮಾಡಲಾಗಿದೆ: 1800 ಮಿ.ಮೀ. ಉದ್ದದ ಧ್ವಜಕ್ಕೆ 370, 1350ಕ್ಕೆ 280, 900ಕ್ಕೆ 185. ಅಂದರೆ ಚಕ್ರ ಬಿಳಿಯ ಪಟ್ಟಿಯನ್ನು ಬಹುತೇಕ ತುಂಬುತ್ತದೆ, ಆದರೆ ಮೇಲಿನ ಕೇಸರಿಯನ್ನಾಗಲಿ ಕೆಳಗಿನ ಹಸಿರನ್ನಾಗಲಿ ಮುಟ್ಟುವುದಿಲ್ಲ.

ಅಂಗಡಿಯಲ್ಲಿ ಧ್ವಜವನ್ನು ಪರೀಕ್ಷಿಸಲು ಇಷ್ಟು ತಿಳಿದಿದ್ದರೆ ಸಾಕು. ಚಕ್ರಕ್ಕೆ 24 ಅರೆಗಳು. ಎಲ್ಲವನ್ನೂ ಎಣಿಸುವ ತಾಳ್ಮೆ ಇಲ್ಲದಿದ್ದರೆ ನೆಟ್ಟಗೆ ನಿಂತ ಒಂದು ಅರೆಯಿಂದ ಅಡ್ಡ ಮಲಗಿದ ಅರೆಯವರೆಗೆ ಬೆರಳಿಟ್ಟು ನೋಡಿ, ಆ ಕಾಲು ಭಾಗದಲ್ಲಿ ಆರು ಅಂತರಗಳಿರಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಮುಂಬದಿಯ ಚಕ್ರವೂ ಹಿಂಬದಿಯ ಚಕ್ರವೂ ಒಂದರ ಮೇಲೊಂದು ಕೂಡಿ ಒಂದೇ ಚಕ್ರವಾಗಿ ಕಾಣಬೇಕು. ಅರೆಗಳು ಜೋಡಿಜೋಡಿಯಾಗಿ ಕಂಡರೆ ಅಚ್ಚು ಜಾರಿದೆ ಎಂದು ಅರ್ಥ. ಅಗ್ಗದ ಧ್ವಜಗಳಲ್ಲಿ ಹಿಂಬದಿಗೆ ಅಚ್ಚೇ ಇರುವುದಿಲ್ಲ, ಮುಂದಿನ ಬಣ್ಣ ಹಿಂದಕ್ಕೆ ಇಳಿದಷ್ಟೇ ಲಾಭ. ಒಂದು ವರ್ಷ ಪೇಟೆಯಿಂದ ತಂದ ಧ್ವಜದ ಚಕ್ರ ಕೋಳಿಮೊಟ್ಟೆಯ ಆಕಾರದಲ್ಲಿತ್ತು. ಅದನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವರು, ‘ಮೇಲೆ ಹೋದ ಮೇಲೆ ಯಾರಿಗೆ ಕಾಣ್ತದೆ ಮಾಷ್ಟ್ರೇ’ ಎಂದರು.

ಮಾನದಂಡಕ್ಕೆ ತಕ್ಕ ಖಾದಿ ಧ್ವಜದ ಕಥೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಧಾರವಾಡ ಜಿಲ್ಲೆಯ ಗರಗ ಮತ್ತು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಧ್ವಜದ ಖಾದಿಗೆ ಹೆಸರಾದ ಊರುಗಳು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ಧ್ವಜಗಳನ್ನು ಸಿದ್ಧಪಡಿಸಿ ದೇಶದ ನಾನಾ ಕಡೆಗೆ ಕಳುಹಿಸುತ್ತ ಬಂದಿದೆ. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿತ್ತು ಎಂಬುದು ಕಾಕತಾಳೀಯವಾದರೂ, ನಮ್ಮ ಕನ್ನಡ ಶಾಲೆಯ ಕಂಬದ ಮೇಲೆ ಧಾರವಾಡದ ಕಡೆಯ ನೂಲು ಹಾರುವುದನ್ನು ಕಂಡಾಗ ನನಗೆ ಆ ದಿನಾಂಕ ನೆನಪಾಗದೆ ಇರುವುದಿಲ್ಲ. ಖಾದಿ ಧ್ವಜಕ್ಕೆ ಎರಡು ಬಗೆಯ ಬಟ್ಟೆ ಬೇಕು: ಹಾರುವ ಭಾಗಕ್ಕೆ ತೆಳುವಾದ ಖಾದಿ ಬಂಟಿಂಗ್, ಹಗ್ಗ ತೂರಿಸುವ ಬದಿಯ ತೋಳಿಗೆ ದಪ್ಪನೆಯ, ಬಣ್ಣ ಹಾಕದ ಖಾದಿ ಡಕ್. ಮೂರು ಬಣ್ಣದ ಪಟ್ಟಿಗಳನ್ನು ಬೇರೆ ಬೇರೆ ಕತ್ತರಿಸಿ ಹೊಲಿದು ಜೋಡಿಸುತ್ತಾರೆ.

ಹಲವು ದಶಕಗಳ ಕಾಲ ಹತ್ತಿ, ಉಣ್ಣೆ ಅಥವಾ ರೇಷ್ಮೆಯ ಕೈನೂಲಿನ, ಕೈಮಗ್ಗದ ಖಾದಿಯೊಂದೇ ಧ್ವಜದ ಬಟ್ಟೆಯಾಗಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ತಯಾರಾದ ಬಟ್ಟೆಗೂ ಪಾಲಿಯೆಸ್ಟರಿಗೂ ಬಾಗಿಲು ತೆರೆಯಿತು. 2022ರ ಆಗಸ್ಟ್‌ನಲ್ಲಿ ಮನೆಮನೆಗೆ ಧ್ವಜ ತಲುಪಿಸುವ ಕಾರ್ಯಕ್ರಮ ನಡೆದಾಗ ಕೇರಳದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೊಲಿಗೆ ಘಟಕಗಳು ಧ್ವಜ ಹೊಲಿದದ್ದು ಈ ಬದಲಾವಣೆಯ ನಂತರವೇ. ಇದು ಖಾದಿ ನೇಕಾರರಿಗೆ ಪೆಟ್ಟು ಕೊಟ್ಟಿತು ಎಂಬ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಕೈಯಿಂದ ನೂಲುವ ಹತ್ತಿಯನ್ನು ಬೆಲೆಯ ವಿಷಯದಲ್ಲಿ ಯಂತ್ರದ ಜತೆ ಓಟಕ್ಕೆ ಬಿಟ್ಟರೆ ಯಾರು ಗೆಲ್ಲುತ್ತಾರೆ ಎಂದು ಕೇಳಬೇಕಾಗಿಲ್ಲ. ಆದರೆ ಬಟ್ಟೆಯ ಪ್ರಶ್ನೆಯನ್ನು ಬೇರೆಯಾಗಿಯೇ ನೋಡಬೇಕು.

ಸಾಮಾನ್ಯ ತೇವದ ಗಾಳಿಯಲ್ಲಿ ಹತ್ತಿಯು ತನ್ನ ತೂಕದ ಸುಮಾರು ಶೇಕಡಾ 8ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರೇಷ್ಮೆ ಸುಮಾರು 11ರಷ್ಟು, ಉಣ್ಣೆ ಸುಮಾರು 16ರಷ್ಟು, ನೈಲಾನ್ ಸುಮಾರು 4ರಷ್ಟು. ಪಾಲಿಯೆಸ್ಟರ್ ಮಾತ್ರ ಶೇಕಡಾ ಅರ್ಧವನ್ನೂ ಮುಟ್ಟುವುದಿಲ್ಲ. ಈ ಅಂಕೆಗಳನ್ನು ನಮ್ಮ ಜೂನ್–ಸೆಪ್ಟೆಂಬರ್ ತಿಂಗಳುಗಳ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಮಳೆಯಲ್ಲಿ ಖಾದಿ ಭಾರವಾಗುತ್ತದೆ, ಸಾಧಾರಣ ಗಾಳಿಗೆ ಏಳುವುದಿಲ್ಲ, ಆರಲು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ಹತ್ತಿ ಎಂದರೆ ಸಸ್ಯದ ನಾರು. ಬೂಷ್ಟಿಗೆ ಅದು ಆಹಾರ. ಪಾಲಿಯೆಸ್ಟರ್ ನೆನೆದರೂ ನೀರು ಎಳೆಯ ಒಳಗೆ ಹೋಗುವುದಿಲ್ಲ, ಎರಡು ಸಲ ಕೊಡವಿದರೆ ಮತ್ತೆ ಹಾರುತ್ತದೆ. ಆದರೆ ಹತ್ತಿಗೂ ಒಂದು ಗುಣವಿದೆ: ಒದ್ದೆಯಾದಾಗ ಅದರ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಉಣ್ಣೆ ಮತ್ತು ರೇಷ್ಮೆಯಂತೆ ದುರ್ಬಲವಾಗುವುದಿಲ್ಲ. ಬಿಸಿಲಿಗೆ ಎಲ್ಲಕ್ಕಿಂತ ಬೇಗ ಸೋಲುವುದು ರೇಷ್ಮೆ. ಅದು ಸಭಾಂಗಣದೊಳಗಿನ ಧ್ವಜಕ್ಕೆ ಚೆಂದ, ಅಂಗಳಕ್ಕಲ್ಲ.

ಬಣ್ಣದ ಗಟ್ಟಿತನವೂ ನೂಲಿನಷ್ಟೇ ಮುಖ್ಯ. ಕಾಸರಗೋಡಿನ ಶಾಲಿಯ ನೇಕಾರರು ನೇಯುವ, ಭೌಗೋಳಿಕ ಸೂಚಕ ಪಡೆದಿರುವ ಕಾಸರಗೋಡು ಸೀರೆಗೆ ಬಳಸುವುದು ವ್ಯಾಟ್ ಬಣ್ಣಗಳನ್ನು. ಈ ಬಣ್ಣಗಳು ನೀರಿನಲ್ಲಿ ಕರಗುವುದಿಲ್ಲ; ರಾಸಾಯನಿಕ ಹಾಕಿ ತಾತ್ಕಾಲಿಕವಾಗಿ ಕರಗುವಂತೆ ಮಾಡಿ ನೂಲಿನೊಳಗೆ ಇಳಿಸಿ, ಆಮೇಲೆ ಗಾಳಿಗೆ ಒಡ್ಡಿದಾಗ ಅವು ಮತ್ತೆ ಕರಗದ ರೂಪಕ್ಕೆ ಮರಳಿ ಎಳೆಯ ಒಳಗೇ ಸೆರೆಯಾಗುತ್ತವೆ. ಹಳೆಯ ಕಾಲದ ನೀಲಿ ಬಣ್ಣದ ಗುಟ್ಟೂ ಇದೇ. ಇಂಥ ಬಣ್ಣ ಒಗೆತಕ್ಕೂ ಬಿಸಿಲಿಗೂ ಜಗ್ಗುವುದಿಲ್ಲ. ಧ್ವಜಕ್ಕೆ ಈ ಗುಣ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಕೇಸರಿ ಮತ್ತು ಹಸಿರು ಎರಡೂ ಬಿಳಿಯ ನೆರೆಯಲ್ಲೇ ಇವೆ, ಸ್ವಲ್ಪ ಇಳಿದರೂ ಎದ್ದು ಕಾಣುತ್ತದೆ. ಹೊಸ ಧ್ವಜ ತಂದಾಗ ಒದ್ದೆ ಮಾಡಿದ ಬಿಳಿ ಬಟ್ಟೆಯೊಂದನ್ನು ಕೇಸರಿಯ ಅಂಚಿಗೆ ಎರಡು ನಿಮಿಷ ಒತ್ತಿ ಹಿಡಿದು ನೋಡುವುದು ಒಳ್ಳೆಯದು. ಬಣ್ಣ ಬಟ್ಟೆಗೆ ಹತ್ತಿದರೆ ಆ ಧ್ವಜ ಒಂದು ಮಳೆಯನ್ನೂ ತಡೆಯದು.

ಧ್ವಜ ಮೊದಲು ಹರಿಯುವುದು ಕಂಬದಿಂದ ದೂರದ ತುದಿಯಲ್ಲಿ, ಅದರಲ್ಲೂ ಆ ತುದಿಯ ಎರಡು ಮೂಲೆಗಳಲ್ಲಿ. ಗಾಳಿಯ ವೇಗ ಇಮ್ಮಡಿಯಾದರೆ ಅದು ಬಟ್ಟೆಯ ಮೇಲೆ ಹಾಕುವ ಒತ್ತಡ ನಾಲ್ಮಡಿಯಾಗುತ್ತದೆ, ಮತ್ತು ಬಿಡುಗಡೆಯಾಗಿರುವ ತುದಿ ಚಾಟಿಯ ತುದಿಯಂತೆ ಬಡಿದುಕೊಳ್ಳುತ್ತದೆ. ಮೊದಲು ಹೊಲಿಗೆ ಬಿಡುತ್ತದೆ, ಆಮೇಲೆ ಎಳೆಗಳು ಒಂದೊಂದಾಗಿ ಹೊರಬರುತ್ತವೆ. ಹೊಲಿಗೆ ಮಾತ್ರ ಬಿಟ್ಟಿರುವ ಹಂತದಲ್ಲಿ ಅಂಚನ್ನು ಮತ್ತೆ ಮಡಿಸಿ ಎರಡು ಸಾಲು ಹೊಲಿದರೆ ಧ್ವಜದ ಆಯುಷ್ಯ ಹೆಚ್ಚುತ್ತದೆ. ಆದರೆ ಹರಿದ ಭಾಗವನ್ನು ಕತ್ತರಿಸಿ ತೆಗೆದು ಅಂಚು ಹೊಲಿಯುವ ಉಪಾಯ ನಮ್ಮ ಧ್ವಜಕ್ಕೆ ಒಗ್ಗುವುದಿಲ್ಲ. ನಾಲ್ಕು ಬೆರಳು ಕತ್ತರಿಸಿದರೂ 3:2ರ ಪ್ರಮಾಣ ಕೆಡುತ್ತದೆ, ಚಕ್ರ ನಡುವಿನಿಂದ ಸರಿದು ನಿಲ್ಲುತ್ತದೆ. ಹರಿದ ಅಥವಾ ಮಾಸಿದ ಧ್ವಜವನ್ನು ಹಾರಿಸಬಾರದು ಎಂಬ ನಿಯಮ ಇರುವುದರಿಂದ, ಎಳೆ ಬಿಟ್ಟ ಧ್ವಜವನ್ನು ಇಳಿಸುವುದೊಂದೇ ದಾರಿ.

ಒಗೆಯಬಹುದೇ ಎಂಬ ಮೊದಲ ಪ್ರಶ್ನೆಗೆ ಈಗ ಬರೋಣ. ಒಗೆಯಬಾರದು ಎಂದು ಸಂಹಿತೆ ಹೇಳುವುದಿಲ್ಲ. ಅದು ನೆಲಕ್ಕೆ ತಾಗಬಾರದು, ನೀರಿನ ಮೇಲೆ ಎಳೆದಾಡಬಾರದು, ಕೊಳೆಯಾಗುವಂತೆ ಇಡಬಾರದು ಎನ್ನುತ್ತದೆ. ಬಕೆಟ್ಟಿನಲ್ಲಿ ತಣ್ಣೀರು, ಬಹಳ ಸ್ವಲ್ಪ ಮೆದು ಸಾಬೂನು, ಕೈಯಲ್ಲಿ ಮೆಲ್ಲಗೆ ಒತ್ತುವುದು, ಇಷ್ಟೇ. ಒಗೆಯುವ ಕಲ್ಲಿಗೆ ಕುಕ್ಕಬಾರದು, ಹಿಂಡಬಾರದು, ಬಿಳಿ ಪಟ್ಟಿ ಬೆಳ್ಳಗಾಗಲಿ ಎಂದು ಬ್ಲೀಚ್ ಹಾಕಬಾರದು. ಗಂಜಿ ಹಾಕುವ ಅಭ್ಯಾಸ ಕೆಲವರಿಗಿದೆ. ಗಂಜಿ ಬೂಷ್ಟಿಗೂ ಹುಳಕ್ಕೂ ಔತಣ. ಆಟಿಯಲ್ಲಿ ಬಟ್ಟೆ ಆರದೆ ಇದ್ದಾಗ ಬಚ್ಚಲ ಒಲೆಯ ಬದಿಯಲ್ಲಿ ಹರವುವುದು ನಮ್ಮ ಮನೆಗಳ ರೂಢಿ, ಆದರೆ ಧ್ವಜಕ್ಕೆ ಅದು ಬೇಡ. ಹೊಗೆಗೆ ಬಿಳಿ ಹಳದಿಯಾಗುತ್ತದೆ. ಚಾವಡಿಯೊಳಗೆ ಹಗ್ಗ ಕಟ್ಟಿ, ಪಟ್ಟಿಗಳು ಒಂದರ ಮೇಲೊಂದು ಬೀಳದಂತೆ ಹರಡಿ, ಫ್ಯಾನ್ ಹಾಕಿದರೆ ಸಾಕು.

ಕರಾವಳಿಯಲ್ಲಿ ಧ್ವಜಕ್ಕೆ ಬರುವ ಕಲೆಗಳಲ್ಲಿ ಹೆಚ್ಚಿನವು ಬಟ್ಟೆಯದಲ್ಲ, ಕಂಬದವು. ಉಪ್ಪುಗಾಳಿಗೆ ಕಬ್ಬಿಣದ ಕಂಬವೂ ರಾಟೆಯೂ ತುಕ್ಕು ಹಿಡಿದು, ಒದ್ದೆ ಹಗ್ಗದ ಮೂಲಕ ಆ ತುಕ್ಕು ತೋಳಿನ ಬಟ್ಟೆಗೆ ಇಳಿಯುತ್ತದೆ. ಕತ್ತದ ಹಗ್ಗವಾದರೆ ಅದರ ಕಂದು ರಸವೂ ಜತೆಗೂಡುತ್ತದೆ. ಹಿಂದಿನ ಹೆಂಗಸರು ಪಂಚೆಯ ಮೇಲಿನ ತುಕ್ಕಿನ ಕಲೆಗೆ ಬಿಂಬುಳಿ ಎಂಬ ಹುಳಿ ಕಾಯಿಯನ್ನು ಉಜ್ಜುತ್ತಿದ್ದರು. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ ಎಂಬುದು ನಿಜ, ಆದರೆ ಸರಿಯಾಗಿ ತೊಳೆದು ತೆಗೆಯದಿದ್ದರೆ ಅದೇ ಆಮ್ಲ ಹತ್ತಿಯ ಎಳೆಯನ್ನೂ ತಿನ್ನುತ್ತದೆ. ತೋಳಿನ ಬಣ್ಣವಿಲ್ಲದ ಬಟ್ಟೆಗಲ್ಲದೆ ಬಣ್ಣದ ಪಟ್ಟಿಗಳಿಗೆ ಅದನ್ನು ಮುಟ್ಟಿಸಬಾರದು. ಕಲೆ ತೆಗೆಯುವುದಕ್ಕಿಂತ ಮಳೆಗಾಲಕ್ಕೆ ಮುಂಚೆ ಕಂಬಕ್ಕೆ ಬಣ್ಣ ಬಳಿದು, ರಾಟೆಗೆ ಎಣ್ಣೆ ಹಾಕಿ, ನೈಲಾನ್ ಹಗ್ಗಕ್ಕೆ ಬದಲಾಯಿಸುವುದು ಸುಲಭ.

ತೆಗೆದಿಡುವ ಕ್ರಮವನ್ನು ಸರಕಾರವೇ ಚಿತ್ರಸಹಿತ ಹೇಳಿದೆ. ಇಬ್ಬರು ಧ್ವಜವನ್ನು ಅಡ್ಡಲಾಗಿ ಹಿಡಿದು, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಸಬೇಕು. ಆಮೇಲೆ ಬಿಳಿಯ ಪಟ್ಟಿಯ ಎರಡೂ ತುದಿಗಳನ್ನು ನಡುವಿನತ್ತ ಮಡಿಸುತ್ತ ಬಂದರೆ ಕೊನೆಗೆ ಚಕ್ರವೂ, ಕೇಸರಿ ಮತ್ತು ಹಸಿರಿನ ಅಂಶವೂ ಮಾತ್ರ ಹೊರಗೆ ಕಾಣುವ ಒಂದು ಕಟ್ಟು ಉಳಿಯುತ್ತದೆ. ಅದನ್ನು ಅಂಗೈಗಳ ಮೇಲೆ ಅಥವಾ ತೋಳುಗಳ ಮೇಲೆ ಇಟ್ಟುಕೊಂಡು ಒಯ್ಯಬೇಕು. ಪೂರ್ಣವಾಗಿ ಆರಿದೆ ಎಂಬುದು ಖಾತ್ರಿಯಾಗದೆ ಮಡಿಸಬಾರದು, ಪ್ಲಾಸ್ಟಿಕ್ ಚೀಲದಲ್ಲಿ ಇಡಬಾರದು. ಒಳಗಿನ ತೇವ ಅಲ್ಲಿಯೇ ಬೆವರಿ, ಜನವರಿಯಲ್ಲಿ ತೆರೆದಾಗ ಮಡಿಕೆಯ ಗೆರೆಗಳುದ್ದಕ್ಕೂ ಕರಿಚುಕ್ಕಿಗಳು ಸಾಲಾಗಿ ಕುಳಿತಿರುತ್ತವೆ. ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಕಪಾಟಿನ ಮೇಲಿನ ತಟ್ಟಿನಲ್ಲಿಡುವುದು ಉತ್ತಮ.

ಬಟ್ಟೆಯನ್ನು ಬಹುಕಾಲ ಉಳಿಸುವುದು ಎಷ್ಟು ಕಷ್ಟವೆಂದು ತಿಳಿಯಲು ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1947ರ ಆಗಸ್ಟ್ 15ರಂದು ಆ ಕೋಟೆಯ ಮೇಲೆ ಏರಿದ್ದ, 12 ಅಡಿ ಉದ್ದ, 8 ಅಡಿ ಅಗಲದ ರೇಷ್ಮೆಯ ಧ್ವಜ ಅಲ್ಲಿದೆ. ಅಂದು ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುದರಿಂದ ನಮ್ಮ ರಾಜಧಾನಿಯ ಮೇಲೆ ಏರಿದ ಧ್ವಜ ಅದೇ. ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಗಾಳಿಯಾಡದ ಪೆಟ್ಟಿಗೆಯಲ್ಲಿ ಅದನ್ನು ಕಾಪಾಡಲಾಗಿದೆ. ಅಮೆರಿಕದಲ್ಲಿ 1813ರಲ್ಲಿ ಉಣ್ಣೆಯ ಬಂಟಿಂಗ್‌ನಿಂದ ಹೊಲಿದ ಮೆಕ್‌ಹೆನ್ರಿ ಕೋಟೆಯ ದೊಡ್ಡ ಧ್ವಜಕ್ಕೆ 1914ರಲ್ಲಿ ಗಟ್ಟಿಯಾಗಲೆಂದು ಹಿಂದಿನಿಂದ ನಾರುಬಟ್ಟೆ ಸೇರಿಸಿ ಸುಮಾರು 17 ಲಕ್ಷ ಹೊಲಿಗೆ ಹಾಕಿದ್ದರು. ಎಂಬತ್ತೈದು ವರ್ಷಗಳ ನಂತರ ಆ ಹೊಲಿಗೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಬೇಕಾಯಿತು. ಈಗ ಅದು ಮಂದ ಬೆಳಕಿನಲ್ಲಿ, ಆಮ್ಲಜನಕ ಕಡಿಮೆ ಮಾಡಿದ ಕೋಣೆಯಲ್ಲಿ, ತುಸುವೇ ಓರೆಯಾಗಿ ಮಲಗಿದೆ.

ಹಾರಿಸುವ ನಿಯಮಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಚುರುಕಾಗಿ ಏರಿಸಬೇಕು, ನಿಧಾನವಾಗಿ ಇಳಿಸಬೇಕು. ಗೋಡೆಗೆ ಉದ್ದುದ್ದ ತೂಗುಹಾಕುವಾಗ ನೋಡುವವರ ಎಡಗಡೆ ಕೇಸರಿ ಬರಬೇಕು. ಖಾಸಗಿ ವ್ಯಕ್ತಿಗಳು ವರ್ಷದ ಎಲ್ಲ ದಿನಗಳಲ್ಲೂ ಧ್ವಜ ಹಾರಿಸಲು 2002ರ ಜನವರಿ 26ರಂದು ಜಾರಿಗೆ ಬಂದ ಸಂಹಿತೆ ಅವಕಾಶ ಕೊಟ್ಟಿತು; ಗೌರವಪೂರ್ವಕವಾಗಿ ಧ್ವಜ ಹಾರಿಸುವುದು ನಾಗರಿಕರ ಹಕ್ಕು ಎಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಜನರ ಮನೆಗಳಲ್ಲಿ ರಾತ್ರಿಯೂ ಧ್ವಜ ಹಾರಬಹುದು ಎಂಬ ಸಡಿಲಿಕೆ ಬಂದದ್ದು 2022ರ ಜುಲೈಯಲ್ಲಿ. ಅವಕಾಶವಿದೆ ಎಂದ ಮಾತ್ರಕ್ಕೆ ಆಟಿಯ ಮಳೆಯಲ್ಲಿ ಮೂರು ದಿನ ಹಗಲು ರಾತ್ರಿ ಖಾದಿಯನ್ನು ನೆನೆಯಲು ಬಿಡಬೇಕಾಗಿಲ್ಲ. ಮನೆಯ ಮಾಡಿನ ಮೇಲೆ ದಿನಗಟ್ಟಲೆ ಹಾರುವುದಕ್ಕೆ ಪಾಲಿಯೆಸ್ಟರ್ ಇರಲಿ; ಬೆಳಗ್ಗೆ ಏರಿಸಿ ಸಂಜೆ ಇಳಿಸುವ ಶಾಲೆಯ ಧ್ವಜ ಖಾದಿಯದೇ ಆಗಿರಲಿ, ಒಂದು ಒದ್ದೆಯಾದರೆ ಇನ್ನೊಂದು ಒಣಗಿದ್ದು ಕಪಾಟಿನಲ್ಲಿರಲಿ ಎಂಬುದು ನಾನು ಕೇಳಿದವರಿಗೆಲ್ಲ ಕೊಡುವ ಉತ್ತರ.

ಆಯುಷ್ಯ ಮುಗಿದ ಧ್ವಜವನ್ನು ಒರಸುಬಟ್ಟೆ ಮಾಡುವುದಾಗಲಿ ಕಸದ ಜತೆ ಕಳುಹಿಸುವುದಾಗಲಿ 1971ರ ರಾಷ್ಟ್ರೀಯ ಗೌರವ ಕಾಯಿದೆಯ ಅಡಿಯಲ್ಲಿ ಮೂರು ವರ್ಷದವರೆಗಿನ ಶಿಕ್ಷೆಗೆ ದಾರಿ ಮಾಡಬಹುದು. ಸಂಹಿತೆ ಹೇಳುವಂತೆ ಅದನ್ನು ಇಡಿಯಾಗಿ, ಜನರ ಕಣ್ಣಿಗೆ ಬೀಳದ ಕಡೆ, ಮೇಲಾಗಿ ಸುಟ್ಟು ವಿಲೇವಾರಿ ಮಾಡಬೇಕು. ಮಕ್ಕಳು ಕೈಯಲ್ಲಿ ಹಿಡಿದ ಕಾಗದದ ಧ್ವಜಗಳಿಗೂ ಇದೇ ಗೌರವ ಸಲ್ಲಬೇಕು. ಮೆರವಣಿಗೆ ಮುಗಿದ ಮೇಲೆ ದಾರಿಯಲ್ಲಿ ಬಿದ್ದವನ್ನು ಹೆಕ್ಕಿ ತರಲು ಇಬ್ಬರನ್ನು ಚೀಲ ಕೊಟ್ಟು ಹಿಂದಿನಿಂದ ಕಳುಹಿಸುವುದು ನಮ್ಮ ಶಾಲೆಯ ರೂಢಿಯಾಗಿತ್ತು. ಖಾದಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತ ಕಪ್ಪು ಹೊಗೆ ಬಿಡುತ್ತದೆ. ಆದುದರಿಂದ ಅದನ್ನು ಸುಡುವುದಕ್ಕಿಂತ ಬೇರೆ ಗೌರವಯುತ ರೀತಿಯಲ್ಲಿ ವಿಲೇವಾರಿ ಮಾಡುವುದು ಮೇಲು, ಸಂಹಿತೆಯೂ ಅದಕ್ಕೆ ಎಡೆ ಕೊಟ್ಟಿದೆ. ನೇರಳೆ ಕಲೆಯ ಆ ಖಾದಿ ಧ್ವಜವನ್ನು ನಾವು ಮಳೆ ಬಿಟ್ಟ ಮೇಲೆ, ಶಾಲೆಗೆ ರಜೆಯಿದ್ದ ದಿನ, ಹಿತ್ತಿಲಿನ ಗೇರುಮರದ ಹಿಂದೆ ಸಣ್ಣ ಗುಂಡಿ ತೋಡಿ ಸುಟ್ಟೆವು. ಕಾಲು ಗಂಟೆಯೂ ಹಿಡಿಯಲಿಲ್ಲ. ಗುಂಡಿ ಮುಚ್ಚಿ ಬಂದು, ದಾಸ್ತಾನು ಪುಸ್ತಕದಲ್ಲಿ ಅದರ ಹೆಸರಿಗೆ ಗೆರೆ ಎಳೆದು ದಿನಾಂಕ ಬರೆದೆ.